ಸತ್ತವರ ಪಾಪ, ಉಳಿದವರ ಪಾಲು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂಬುದು ನಮ್ಮ ಬಹುಪಾಲು ಮನೆಗಳ ರೀತಿ. ಮನುಷ್ಯ ಹೋದ ಮೇಲೆ ಅವನ ಗುಣವನ್ನಷ್ಟೇ ಎತ್ತಿ ಹೇಳುತ್ತೇವೆ, ಉಳಿದದ್ದನ್ನು ಅವನ ಜೊತೆಗೇ ಮಣ್ಣು ಮಾಡುತ್ತೇವೆ. ನೀಲಗಿರಿಯ ಬಡಗರದು ಬೇರೆಯೇ ದಾರಿ. ಅವರಲ್ಲಿ ಶವವನ್ನು ಮುಂದಿಟ್ಟುಕೊಂಡು ಹಿರಿಯರೊಬ್ಬರು ಎಲ್ಲರಿಗೂ ಕೇಳುವ ಹಾಗೆ ಪಾಪಗಳನ್ನು ಒಂದೊಂದಾಗಿ ಹೇಳುತ್ತಾರೆ. ನೆರೆದವರು ಒಂದೊಂದಕ್ಕೂ ಅದು ಪಾಪವೇ ಎಂದು ದನಿಗೂಡಿಸುತ್ತಾರೆ. ಕರು ಹರಚೋದು ಎಂದು ಇದರ ಹೆಸರು. ಹಿಂದೆ ಒಂದು ಕರುವನ್ನು ತಂದು, ಸತ್ತವರ ಪಾಪವನ್ನೆಲ್ಲ ಅದಕ್ಕೆ ಒಪ್ಪಿಸಿ ಬಿಟ್ಟುಬಿಡುತ್ತಿದ್ದರು. ಆ ಕರುವನ್ನು ಮುಂದೆ ಯಾರೂ ದುಡಿಮೆಗೆ ಹಚ್ಚುತ್ತಿರಲಿಲ್ಲ.

ನಾನು ಗುಂಡ್ಲುಪೇಟೆ ಕಡೆಯವಳು. ಕೆಲಸಕ್ಕೆಂದು ಉದಕಮಂಡಲಕ್ಕೆ ಬಂದು ಇಲ್ಲೇ ನೆಲೆಯಾದೆ. ನೆರೆಮನೆಯವರ ತಂದೆ ತೀರಿಕೊಂಡಾಗ ಕೋತಗಿರಿ ಕಡೆಯ ಅವರ ಹಟ್ಟಿಗೆ ಹೋಗಿದ್ದೆ. ಚಹಾ ತೋಟದ ಕೆಳಗಿನ ಬಯಲಲ್ಲಿ ಮಂಚದ ಮೇಲೆ ದೇಹವಿತ್ತು. ಬಿಳಿ ಬಟ್ಟೆ ತೊಟ್ಟ ಹೆಂಗಸರು ಸುತ್ತ ಕೂತು ತಲೆಯನ್ನು ಮಂಚಕ್ಕೆ ತಾಗಿಸಿ ಅಳುತ್ತಿದ್ದರು. ಕರು ಇರಲಿಲ್ಲ, ಮಾತು ಮಾತ್ರ ಉಳಿದಿತ್ತು. ಹಿರಿಯರು ಎದ್ದು ನಿಂತು ಶುರುಮಾಡಿದಾಗ ಅಳು ನಿಂತಿತು. ಕನ್ನಡ ಬಲ್ಲ ಕಿವಿಗೆ ಅವರ ಮಾತು ಅರ್ಧಕ್ಕಿಂತ ಹೆಚ್ಚೇ ತಿಳಿಯುತ್ತದೆ. ಗಡಿಯ ಕಲ್ಲು ಸರಿಸಿದ ಪಾಪದ ಸರದಿ ಬಂದಾಗ ನನ್ನ ಎದುರು ನಿಂತಿದ್ದ ಇಬ್ಬರು ಅಣ್ಣತಮ್ಮಂದಿರು ನೆಲ ನೋಡಿದರು. ಅವರ ತೋಟದ ತಕರಾರು ಹಟ್ಟಿಗೆಲ್ಲ ಗೊತ್ತಿದ್ದದ್ದು. ಯಾರೂ ಅವರತ್ತ ತಿರುಗಲಿಲ್ಲ. ಹಿರಿಯರೂ ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. ಎಲ್ಲರ ಜೊತೆ ಆ ಇಬ್ಬರೂ ಪಾಪವೆಂದು ದನಿಗೂಡಿಸಿದರು.

ಈ ಪಾಪಗಳ ಪಟ್ಟಿ ಎಲ್ಲ ಸತ್ತವರಿಗೂ ಒಂದೇ. ಚಾರ್ಲ್ಸ್ ಗೋವರ್ ಎಂಬಾತ 1871ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜನಪದ ಹಾಡುಗಳ ಪುಸ್ತಕದಲ್ಲಿ ಇದರ ಇಂಗ್ಲಿಷ್ ರೂಪವಿದೆ. ಬಡಗರ ನಡುವೆ ದಶಕಗಟ್ಟಲೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಪಾಲ್ ಹಾಕಿಂಗ್ಸ್ ಆ ಸಮುದಾಯದ ಸಾವಿನ ಆಚರಣೆಗಳ ಮೇಲೆಯೇ ಒಂದು ಪುಸ್ತಕ ಬರೆದಿದ್ದಾರೆ. ಪಟ್ಟಿಯಲ್ಲಿ ಏನೇನಿದೆ ಎಂದು ನೋಡಿದರೆ ಬೆರಗಾಗುತ್ತದೆ. ಹರಿದು ಹೋಗುವ ಹಾವನ್ನು, ಹಲ್ಲಿಯನ್ನು, ಕಪ್ಪೆಯನ್ನು ಕೊಂದದ್ದು ಅಲ್ಲಿ ಪಾಪ. ದಾರಿ ತಪ್ಪಿ ಬಂದವರಿಗೆ ತಪ್ಪು ದಾರಿ ತೋರಿದ್ದು ಪಾಪ. ಎಳೆಯ ಹೋರಿಗೆ ನೊಗ ಕಟ್ಟಿದ್ದು, ಪರರ ಎಮ್ಮೆ ಚೆನ್ನಾಗಿ ಹಾಲು ಕೊಟ್ಟರೆ ಹೊಟ್ಟೆ ಉರಿದದ್ದು, ಅಣ್ಣತಮ್ಮಂದಿರ ನಡುವೆ ಚಾಡಿ ಹೇಳಿದ್ದು, ಕೆರೆಯ ಏರಿ ಒಡೆದು ನೀರು ಬಿಟ್ಟದ್ದು, ಹಳ್ಳದ ನೀರು ಕುಡಿಯುವ ಮುಂಚೆ ಅದಕ್ಕೆ ಕೈಮುಗಿಯದೆ ಹೋದದ್ದು, ಚಳಿ ಎಂದು ಬಂದವರಿಗೆ ಬೆಂಕಿ ಕೊಡದೆ ಕಳಿಸಿದ್ದು, ಎಲ್ಲವೂ ಪಾಪದ ಲೆಕ್ಕಕ್ಕೇ ಸೇರಿವೆ. ಪೂಜೆ ತಪ್ಪಿಸಿದ್ದಕ್ಕಿಂತ ನೆರೆಯವರಿಗೆ, ನೀರಿಗೆ, ಪ್ರಾಣಿಗೆ ಮಾಡಿದ ಅನ್ಯಾಯವೇ ಅಲ್ಲಿ ದೊಡ್ಡದು. ನಾನು ಓದಿದ ಧರ್ಮಶಾಸ್ತ್ರದ ಪುಸ್ತಕಗಳಲ್ಲಿ ಇಷ್ಟು ನೆಲಕ್ಕೆ ಹತ್ತಿರವಾದ ನೀತಿಯನ್ನು ನಾನು ಕಂಡದ್ದು ಕಡಿಮೆ.

ಆದರೆ ಇಲ್ಲಿ ಒಂದು ಕಷ್ಟದ ಪ್ರಶ್ನೆ ಇದೆ. ಮಾಡದ ಪಾಪವನ್ನು ಸತ್ತವರ ತಲೆಗೆ ಕಟ್ಟುವುದು ನ್ಯಾಯವೆ? ಕ್ರಿಯೆಯೆಲ್ಲ ಮುಗಿದ ಮೇಲೆ ನೆರೆಮನೆಯವರ ಮಗನನ್ನು ಇದನ್ನೇ ಕೇಳಿದೆ. ನಿಮ್ಮಪ್ಪ ಇಂಥದ್ದೆಲ್ಲ ಮಾಡಿದವರಲ್ಲವಲ್ಲ ಎಂದೆ. "ಅಪ್ಪ ಮಾಡಿಲ್ಲ ಅಂತಲೇ ಇಟ್ಕೊಳ್ಳಿ ಅಕ್ಕಾ. ಅವರಪ್ಪ? ಅವರ ತಾತ? ನಾನು?" ಎಂದರು. ಆ ಪ್ರಾರ್ಥನೆಯಲ್ಲಿ ಲೆಕ್ಕ ಹಿಡಿಯುವುದು ಒಬ್ಬರದ್ದಲ್ಲ, ಹಿಂದಿನವರೆಲ್ಲರದ್ದು. ಒಟ್ಟು 1,300 ಪಾಪ ಎಂದು ಅವರಲ್ಲಿ ರೂಢಿಯ ಲೆಕ್ಕ. ಕೊನೆಗೆ ಎಲ್ಲವೂ ಬಸವನ ಪಾದಕ್ಕೆ ಹೋಗಿ ಸೇರಲಿ ಎಂದು ಬೇಡುತ್ತಾರೆ.

ನಮ್ಮ ಕಡೆ ಸಾವಿನ ಮನೆಯಲ್ಲಿ ಗರುಡ ಪುರಾಣ ಓದಿಸುತ್ತಾರೆ. ಅದರಲ್ಲಿ ಜೀವ ಒಂಟಿ. ಮಾಡಿದ್ದನ್ನು ತಾನೇ ಹೊತ್ತು ಯಮನ ದಾರಿ ನಡೆಯಬೇಕು. ಯೆಹೂದ್ಯರ ಗ್ರಂಥದಲ್ಲಿ ಇನ್ನೊಂದು ಬಗೆ ಇದೆ. ಪ್ರಧಾನ ಯಾಜಕ ಹೋತದ ತಲೆಯ ಮೇಲೆ ಎರಡೂ ಕೈಯಿಟ್ಟು ಜನರೆಲ್ಲರ ಪಾಪ ಒಪ್ಪಿಕೊಂಡು ಅದನ್ನು ಅರಣ್ಯಕ್ಕೆ ಅಟ್ಟುತ್ತಿದ್ದ. ಇಂದಿಗೂ ಅವರು ಪ್ರಾಯಶ್ಚಿತ್ತದ ದಿನ ನಾನು ತಪ್ಪಿದೆ ಎನ್ನುವುದಿಲ್ಲ, ನಾವು ತಪ್ಪಿದೆವು ಎನ್ನುತ್ತಾರೆ. ಬಡಗರ ಕರು ಈ ಎರಡನೆಯ ದಾರಿಯದು.

ಆದರೂ ಸಂಶಯ ಉಳಿಯುತ್ತದೆ. ಕೊನೆಗೆ ಎಲ್ಲವೂ ಕರುವಿನ ಮೇಲೆ ಹೋಗುವುದಾದರೆ ಬದುಕಿರುವಾಗ ನೆಟ್ಟಗೆ ನಡೆಯಬೇಕು ಏಕೆ? ಬಹಳ ಕಾಲ ಇದನ್ನು ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ನನಗೆ ಹೊಳೆದ ಉತ್ತರ ಇಷ್ಟು: ಆ ಮಾತು ಸತ್ತವರ ಬಿಡುಗಡೆಗೆ, ಆದರೆ ಕೇಳಿಸಿಕೊಳ್ಳುವವರು ಬದುಕಿರುವವರು. ಕಲ್ಲು ಸರಿಸಿದವರು ಹೋದರು, ಅವರ ಪಾಪ ಬಸವನ ಪಾದ ಸೇರಿತು ಎಂದೇ ನಂಬೋಣ. ಕಲ್ಲು ಮಾತ್ರ ಸರಿದ ಜಾಗದಲ್ಲೇ ಇದೆ. ಅದರ ಈಚೆಗಿನ ನೆಲವನ್ನು ಉಣ್ಣುತ್ತಿರುವವರು ಮಕ್ಕಳು. ಕ್ಷಮೆ ಸತ್ತವರಿಗೆ, ಸರಿಪಡಿಸುವ ಕೆಲಸ ಉಳಿದವರಿಗೆ. ಪಿತೃಗಳ ಪಾಪವನ್ನು ಮಕ್ಕಳ ಎದುರೇ ಏಕೆ ಹೇಳಬೇಕು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ನನಗೆ ಕಾಣದು.

ಈ ಅರ್ಥದಲ್ಲಿ ನೋಡಿದರೆ ಇಂದು ನೀಲಗಿರಿಯ ಮೇಲೆ ಇರುವ ಪಾಪದ ಹೊರೆ ಒಂದು ಜಾತಿಯದ್ದಲ್ಲ, ಬೆಟ್ಟದಲ್ಲಿ ಇರುವವರ, ಬಂದು ಹೋಗುವವರ ಎಲ್ಲರದ್ದು. ಮಸಿನಗುಡಿಯನ್ನೇ ತೆಗೆದುಕೊಳ್ಳಿ. ಬೆಟ್ಟದ ಇಳಿಜಾರಿಗೂ ಮೋಯಾರ್ ಕಮರಿಗೂ ನಡುವಿನ ಸೀಗೂರು ಬಯಲು ಆನೆಗಳು ಪಶ್ಚಿಮ ಘಟ್ಟದಿಂದ ಪೂರ್ವ ಘಟ್ಟಕ್ಕೆ ದಾಟುವ ದಾರಿ. ಆ ದಾರಿಯಲ್ಲಿ ರೆಸಾರ್ಟುಗಳು ಎದ್ದವು, ವಿದ್ಯುತ್ ಬೇಲಿಗಳು ಬಂದವು. ತಮಿಳುನಾಡು ಸರ್ಕಾರ 2010ರಲ್ಲಿ ಅದನ್ನು ಆನೆ ದಾರಿ ಎಂದು ಘೋಷಿಸಿತು. ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದದ್ದು 2020ರ ಅಕ್ಟೋಬರ್ 14ರಂದು. ಮೂರು ತಿಂಗಳು ಕಳೆಯುವುದರೊಳಗೆ, 2021ರ ಜನವರಿಯಲ್ಲಿ, ಮಸಿನಗುಡಿಯ ವಸತಿಗೃಹವೊಂದರ ಬಳಿ ಬಂದ ಆನೆಯ ಮೇಲೆ ಉರಿಯುವ ಟೈರು ಎಸೆದರು. ತಲೆಯ ಮೇಲೆ ಬೆಂಕಿ ಹೊತ್ತು ಅದು ಕತ್ತಲಲ್ಲಿ ಓಡುವ ವೀಡಿಯೊವನ್ನು ದೇಶವೇ ನೋಡಿತು. ಆನೆ ಉಳಿಯಲಿಲ್ಲ.

ಟೈರು ಎಸೆದವರ ಮೇಲೆ ಕೇಸಾಯಿತು, ಆಗಬೇಕಾದದ್ದೇ. ಆದರೆ ಆ ದಾರಿಯಲ್ಲಿ ಜಾಗ ಮಾರಿದವರು, ಕೊಂಡವರು, ಕಟ್ಟಲು ಅನುಮತಿ ಕೊಟ್ಟವರು, ಕಾಡಿನ ನಡುವೆ ಕೊಠಡಿ ಬೇಕೆಂದು ಬೆಂಗಳೂರಿನಿಂದ, ಮೈಸೂರಿನಿಂದ, ಕೊಯಮತ್ತೂರಿನಿಂದ ಬಂದು ಉಳಿದವರು, ಇವರ ಪಾಲು ಯಾವ ಕೇಸಿನಲ್ಲೂ ಬರುವುದಿಲ್ಲ. ಆನೆಯ ಗಡಿಕಲ್ಲನ್ನು ಎಷ್ಟೋ ಕೈ ಸೇರಿ ಸರಿಸಿವೆ. ಕೈ ಹೆಚ್ಚಾದಷ್ಟೂ ಯಾರಿಗೂ ತನ್ನದೆನಿಸುವುದಿಲ್ಲ. ನಮ್ಮ ಕಾಲದ ಪಾಪದ ದೊಡ್ಡ ಲಕ್ಷಣ ಇದೇ. ಶೋಲಾ ಕಾಡಿನ ಪಕ್ಕದ ಹುಲ್ಲುಗಾವಲಿಗೆ ನೀಲಗಿರಿ ಮರ, ವ್ಯಾಟಲ್ ನೆಟ್ಟದ್ದು, ಕೊಳ್ಳದ ಜೌಗು ನೆಲವನ್ನು ತುಂಬಿಸಿ ಕಟ್ಟಡ ಎಬ್ಬಿಸಿದ್ದು, ಚಹಾಕ್ಕೆ, ತರಕಾರಿಗೆ ಮಿತಿಯಿಲ್ಲದೆ ಔಷಧಿ ಹೊಡೆದದ್ದು, ಎಲ್ಲವೂ ಇದೇ ಜಾತಿಗೆ ಸೇರಿದವು. ನ್ಯಾಯಾಲಯ ಒಬ್ಬೊಬ್ಬರನ್ನು ಬೇರೆ ಮಾಡಿ ನೋಡುತ್ತದೆ. ಕರು ಹರಚುವ ಹಿರಿಯರು ಎಲ್ಲರನ್ನೂ ಕೂಡಿಸಿ ನೋಡುತ್ತಾರೆ. ನಮಗೆ ಎರಡೂ ಬೇಕು.

ಹೀಗೆ ಕೂಡಿಸಿ ನೋಡುವಾಗ ಒಂದು ಎಚ್ಚರ ಬೇಕು. ಎಲ್ಲರದ್ದೂ ಪಾಪ ಎಂದ ಮಾತ್ರಕ್ಕೆ ಎಲ್ಲರದ್ದೂ ಒಂದೇ ತೂಕವಲ್ಲ. ಸೀಗೂರು ಬಯಲಲ್ಲಿ ತಲೆಮಾರುಗಳಿಂದ ಇರುವ ಇರುಳರ, ಕುರುಂಬರ ಗುಡಿಸಲನ್ನೂ ಹತ್ತಾರು ಕೊಠಡಿಗಳ ರೆಸಾರ್ಟನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಅದು ಇನ್ನೊಂದು ಅನ್ಯಾಯ. ದುರ್ಬಲರು ನೆರವು ಕೇಳಿದಾಗ ಮುಖ ತಿರುಗಿಸಿದ್ದನ್ನೂ ಆ ಹಳೆಯ ಪಟ್ಟಿ ಪಾಪವೆಂದೇ ಎಣಿಸುತ್ತದೆ.

ಆದ್ದರಿಂದ ಬಡಗ ಬಂಧುಗಳಲ್ಲಿ ನನ್ನದೊಂದು ಕೋರಿಕೆ. ದೇಹ ಎತ್ತುವ ಹೊತ್ತು ಹತ್ತಿರವಾಯಿತೆಂದು ಆ ಪ್ರಾರ್ಥನೆಯನ್ನು ಮೊಟಕು ಮಾಡಬೇಡಿ, ಮಕ್ಕಳಿಗೆ ಅದನ್ನು ಪೂರ್ತಿ ಕಲಿಸಿ. ಬಡಗರಲ್ಲದ ನಾವು ಅದರಿಂದ ಕಲಿಯಬೇಕಾದದ್ದೂ ಇದೆ. ನಮ್ಮ ಮನೆಗಳಲ್ಲಿ ಹದಿಮೂರನೆಯ ದಿನ ಬಂಧುಗಳೆಲ್ಲ ಕೂತು ಆಸ್ತಿಯ ಮಾತು ಎತ್ತುತ್ತೇವಲ್ಲ, ಅದಕ್ಕೂ ಮುಂಚೆ ಇನ್ನೊಂದು ಮಾತು ಆಗಲಿ: ಹೋದವರಿಂದ ನಮಗೆ ಬಂದದ್ದರಲ್ಲಿ ಯಾರದ್ದು ಸೇರಿಕೊಂಡಿದೆ, ಅದನ್ನು ಹೇಗೆ ಹಿಂದಿರುಗಿಸುವುದು? ಈ ಪ್ರಶ್ನೆ ಕೇಳದೆ ಇಡುವ ಪಿಂಡಕ್ಕಿಂತ, ಕೇಳಿ ಬಿಟ್ಟುಕೊಡುವ ಒಂದಡಿ ನೆಲ ಪಿತೃಗಳಿಗೆ ಹೆಚ್ಚು ಸಲ್ಲುತ್ತದೆ ಎಂದು ನಾನು ಮನಸಾರೆ ನಂಬುತ್ತೇನೆ.