ಸೀರೆಯ ಹಿಂಬದಿ

ಕೈಹೊಲಿಗೆಯಲ್ಲಿ ದಾರದ ತುದಿಗೆ ಗಂಟು ಹಾಕುವುದು ರೂಢಿ. ಗುಂಡಿ ಹೊಲಿಯುವವರಿಗಂತೂ ಅದು ಅನಿವಾರ್ಯ. ಅದರಲ್ಲಿ ದೋಷವೇನೂ ಇಲ್ಲ. ಆದರೆ ಧಾರವಾಡ ಸೀಮೆಯ ಕಸೂತಿಯಲ್ಲಿ ಗಂಟಿಗೆ ಸ್ಥಾನವಿಲ್ಲ. ಇಳಕಲ್ ಸೀರೆಯ ಮೇಲೆ ಬಟ್ಟೆಯ ಎಳೆಗಳನ್ನು ಎಣಿಸಿಕೊಂಡು, ಹೋಗುವಾಗ ಬಿಟ್ಟು ಬಿಟ್ಟು ಹೊಲಿದು, ಮರಳುವಾಗ ಬಿಟ್ಟ ಜಾಗಗಳನ್ನು ತುಂಬುತ್ತಾರೆ. ಇದು ಗವಂತಿ. ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಮುರ್ಗಿಯೂ ಇದೇ ಬಗೆಯದು. ದಾರದ ತುದಿಯನ್ನು ಹೊಲಿಗೆಗಳ ಅಡಿಯಲ್ಲಿಯೇ ತೂರಿಸಿ ನಿಲ್ಲಿಸುವುದರಿಂದ ಸೀರೆಯ ಎರಡು ಮುಖಗಳೂ ಒಂದೇ ತೆರನಾಗಿ ಕಾಣುತ್ತವೆ. ಗವಂತಿ ಎಂಬ ಹೆಸರು ಮಾತ್ರ ಗಂಟು ಎಂಬ ಮಾತಿನಿಂದಲೇ ಬಂದದ್ದೆನ್ನುತ್ತಾರೆ!

1994ರ ಮಾತು. ರಾಜಾಜಿನಗರದ ನನ್ನ ಅಂಗಡಿಯಿಂದ ಕಸೂತಿ ಸೀರೆಯೊಂದನ್ನು ಕೊಂಡೊಯ್ದ ಧಾರವಾಡದ ಕಡೆಯ ವೃದ್ಧೆಯೊಬ್ಬರು ಮರುದಿನ ಮರಳಿ ಬಂದರು. ಸೀರೆಯನ್ನು ಮಗುಚಿ ಹಾಸಿ, "ಯಪ್ಪಾ, ಇದರ ಬೆನ್ನ ತುಂಬ ಗಂಟ ಅದಾವಲ್ಲ, ನೀವು ನೋಡಿರಲಿಲ್ಲೇನು?" ಎಂದರು.

ನೋಡಿದ್ದೆ. ಅವಸರದ ಕೆಲಸವೆಂದು ತಿಳಿದೇ ಆ ಕಟ್ಟನ್ನು ಕಡಿಮೆ ಬೆಲೆಗೆ ಕೊಂಡಿದ್ದೆ. ಮಾರಿದ್ದು ಮಾತ್ರ ಪೂರ್ಣ ಬೆಲೆಗೆ. ನಾನು ಸುಳ್ಳಾಡಿರಲಿಲ್ಲ, ಮಗುಚಿ ತೋರಿಸಿರಲಿಲ್ಲ, ಅಷ್ಟೆ.

ಬಿ.ಕಾಂ. ಓದುವಾಗ ಕಲಿತ 1872ರ ಕರಾರು ಕಾಯಿದೆಯ 17ನೆಯ ಪ್ರಕರಣ ಆಗ ನೆನಪಾಯಿತು. ಹೇಳಲೇಬೇಕಾದ ಕರ್ತವ್ಯವಿಲ್ಲದೆಡೆ ಬರಿಯ ಮೌನವು ವಂಚನೆಯಲ್ಲ ಎಂಬುದು ಅದರ ತಾತ್ಪರ್ಯ. ಆ ನೆರಳಿನಲ್ಲಿ ವರ್ತಕನು ಸುಖವಾಗಿ ನಿಲ್ಲಬಹುದು. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು ಎಣಿಸುತ್ತದೆ. ಒಂದನ್ನು ಇನ್ನೊಂದರಂತೆ ತೋರಿಸಿ ಮಾರುವುದಕ್ಕೆ ಬಾಯಿ ತೆರೆಯಲೇಬೇಕೆಂದಿಲ್ಲ. ಸೀರೆಯನ್ನು ಮಡಿಸಿಡುವ ರೀತಿಯೇ ಸಾಕು. ಕಾಯಿದೆಯು ನನ್ನ ಮಾತನ್ನು ಪರೀಕ್ಷಿಸಿದರೆ ವ್ರತವು ನನ್ನ ಅರಿವನ್ನು ಪರೀಕ್ಷಿಸುತ್ತದೆ. ಗಂಟು ತಪ್ಪಲ್ಲ, ಅಗ್ಗದ ಕೆಲಸವೂ ತಪ್ಪಲ್ಲ. ಗಂಟನ್ನು ಬಲ್ಲ ನಾನು ಗಂಟಿಲ್ಲದ ಕೆಲಸದ ಬೆಲೆಯನ್ನು ಎಣಿಸಿಕೊಂಡೆನಲ್ಲ!

ಗ್ರಂಥವೆಂದರೆ ಗಂಟು, ಪರಿಗ್ರಹದ ಗಂಟನ್ನು ಬಿಚ್ಚಿದವರಾದುದರಿಂದ ನಮ್ಮ ಮುನಿಗಳು ನಿರ್ಗ್ರಂಥರು. ಗಂಟು ಕಟ್ಟುವುದೇ ವೃತ್ತಿಯಾದ ನಮ್ಮಂಥ ಶ್ರಾವಕರಿಗೆ ಆ ಪದವಿ ದೂರ. ಆದರೆ ಹಿಂಬದಿಯನ್ನು ತೋರಿಸುವುದು ಅಷ್ಟು ದೂರದ ಸಂಗತಿಯಾಗಿರಲಿಲ್ಲ.

ಆ ತಾಯಿ ಹೆಚ್ಚುವರಿ ಹಣವನ್ನಷ್ಟೇ ಪಡೆದು ಸೀರೆಯನ್ನು ತಾವೇ ಉಳಿಸಿಕೊಂಡರು. ಅದೇ ಕಟ್ಟಿನ ಇನ್ನೂ ನಾಲ್ಕು ಸೀರೆಗಳು ಅಷ್ಟರಲ್ಲಿ ಮಾರಾಟವಾಗಿದ್ದವು. ಬಿಲ್ಲು ಪುಸ್ತಕದಲ್ಲಿ ಮೊತ್ತವಿತ್ತು, ಕೊಂಡವರ ಹೆಸರಿರಲಿಲ್ಲ. ಈಗ ಜ್ಞಾನಭಾರತಿಯ ಮನೆಯಲ್ಲಿ ಪ್ರತಿಕ್ರಮಣಕ್ಕೆ ಕುಳಿತಾಗ ಆ ನಾಲ್ವರಲ್ಲಿ ಕ್ಷಮೆ ಬೇಡುತ್ತೇನೆ. ಅವರ ಮುಖಗಳು ನೆನಪಾಗುವುದಿಲ್ಲ.