ಕೊಳೆತ ಸೇಬು ಮತ್ತು ಪೀಪಾಯಿಯ ಯಜಮಾನ

2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿ ಡೆರೆಕ್ ಶಾವಿನ್ ಜಾರ್ಜ್ ಫ್ಲಾಯ್ಡ್‌ನ ಕುತ್ತಿಗೆಯನ್ನು ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮಂಡಿಯಿಂದ ಅದುಮಿ ಕೊಂದ. ವಾರ ಕಳೆಯುವುದರೊಳಗೆ ಅಧ್ಯಕ್ಷರ ರಾಷ್ಟ್ರೀಯ ಭದ್ರತಾ ಸಲಹೆಗಾರ ರಾಬರ್ಟ್ ಓಬ್ರಿಯನ್ ಟಿವಿಯಲ್ಲಿ ಮಾತಾಡಿ, ಪೊಲೀಸ್ ವ್ಯವಸ್ಥೆಯಲ್ಲಿ ವರ್ಣದ್ವೇಷ ಬೇರೂರಿಲ್ಲ, ಕೆಲವು ಕೆಟ್ಟ ಸೇಬುಗಳಿವೆ ಅಷ್ಟೇ ಎಂದರು. ಹಗರಣ ಯಾವುದೇ ಇರಲಿ, ಸಂಸ್ಥೆ ಯಾವುದೇ ಇರಲಿ, ಇಂಗ್ಲಿಷಿನ ಈ ಮಾತು ರಕ್ಷಣೆಗೆ ಓಡಿ ಬರುತ್ತದೆ. ಆದರೆ ಬರುವುದು ಅರ್ಧ ಮಾತ್ರ. ಒಂದು ಕೊಳೆತ ಸೇಬು ಇಡೀ ಪೀಪಾಯಿಯನ್ನೇ ಕೆಡಿಸುತ್ತದೆ ಎಂಬುದು ಪೂರ್ಣ ಗಾದೆ.

ಇದು ತೀರ ಹಳೆಯ ಮಾತು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಚಾಸರ್ ಬರೆದ 'ಕ್ಯಾಂಟರ್ಬರಿ ಟೇಲ್ಸ್'ನಲ್ಲಿ ಅಡುಗೆಯವನು ಹೇಳುವ ಅಪೂರ್ಣ ಕಥೆಯೊಂದಿದೆ. ಲಂಡನ್ನಿನ ದಿನಸಿ ವ್ಯಾಪಾರಿಯೊಬ್ಬನ ಹತ್ತಿರ ಕೆಲಸ ಕಲಿಯುವ ಹುಡುಗ ಪರ್ಕಿನ್‌ಗೆ ಕುಣಿತ, ಜೂಜುಗಳದೇ ಹುಚ್ಚು; ಅಂಗಡಿಯ ಹಣದ ಪೆಟ್ಟಿಗೆ ಆಗಾಗ ಬರಿದಾಗುತ್ತದೆ. ಯಜಮಾನ ಬೈಯುತ್ತಾನೆ, ಆದರೆ ಇಟ್ಟುಕೊಂಡೇ ಇರುತ್ತಾನೆ. ತರಬೇತಿಯ ಅವಧಿ ಮುಗಿಯುತ್ತ ಬಂದಾಗ ಒಂದು ದಿನ ಅವನಿಗೆ ಈ ಗಾದೆ ನೆನಪಾಗುತ್ತದೆ. ಉಳಿದ ಆಳುಗಳು ಕೆಟ್ಟುಹೋಗುವ ಮೊದಲು ಇವನನ್ನು ಕಳಿಸುವುದೇ ಸರಿ ಎಂದು ಹುಡುಗನನ್ನು ಹೊರಗಟ್ಟುತ್ತಾನೆ.

ಗಾದೆ ನೆನಪಾದದ್ದು ಯಾರಿಗೆ ಎಂಬುದನ್ನು ಗಮನಿಸಬೇಕು. ಯಜಮಾನನಿಗೆ. ಸಹವಾಸದೋಷದಿಂದ ದೂರವಿರಿ ಎಂದು ಹುಡುಗರಿಗೆ ಹೇಳುವ ಬುದ್ಧಿಮಾತೆಂದೇ ಇದನ್ನು ಓದುವವರಿದ್ದಾರೆ. ಬೆಂಜಮಿನ್ ಫ್ರಾಂಕ್ಲಿನ್ 1736ರ ತನ್ನ ಪಂಚಾಂಗದಲ್ಲಿ ಇದನ್ನು ಅಚ್ಚು ಹಾಕಿದ್ದೂ ಸರಿಸುಮಾರು ಆ ಧಾಟಿಯಲ್ಲೇ. ಆ ಓದು ಸಾಲದು. ಪೀಪಾಯಿಯೊಳಗಿನ ಸೇಬು ಪಕ್ಕದ ಸೇಬನ್ನು ಬಿಟ್ಟು ಎದ್ದು ಹೋಗಲಾರದು. ಮುಚ್ಚಳ ತೆಗೆದು ಆರಿಸುವ ಕೈ ಇರುವುದು ದಾಸ್ತಾನಿಟ್ಟವನಿಗೆ ಮಾತ್ರ. ಚಳಿಗಾಲಕ್ಕೆಂದು ನೆಲಮಾಳಿಗೆಯಲ್ಲಿ ಸೇಬು ಕೂಡಿಡುತ್ತಿದ್ದ ಜನಕ್ಕೆ ಇದು ಹೊಟ್ಟೆಪಾಡಿನ ವಿಷಯ.

ವಿಜ್ಞಾನವೂ ಗಾದೆಯ ಪರವಾಗಿಯೇ ನಿಂತಿದೆ. ಮಾಗುವ ಸೇಬು ಎಥಿಲೀನ್ ಅನಿಲವನ್ನು ಬಿಡುತ್ತದೆ ಎಂದು 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ಸಾಧಿಸಿ ತೋರಿಸಿದರು. ಪೆಟ್ಟು ತಿಂದ ಹಣ್ಣು ಈ ಅನಿಲವನ್ನು ಇನ್ನೂ ಹೆಚ್ಚು ಬಿಡುತ್ತದೆ. ಅದರಿಂದ ಅಕ್ಕಪಕ್ಕದವು ಬೇಗ ಮಾಗಿ ಮೆತ್ತಗಾಗುತ್ತವೆ, ಮೆತ್ತಗಾದದ್ದಕ್ಕೆ ಬೂಷ್ಟು ಸುಲಭವಾಗಿ ಹತ್ತುತ್ತದೆ. ಹಸಿ ಮಾವಿನಕಾಯಿಗಳ ನಡುವೆ ಹಣ್ಣೊಂದನ್ನಿಟ್ಟು ಹುಲ್ಲು ಮುಚ್ಚುವ ನಮ್ಮ ಮನೆಗಳಿಗೂ ಈ ಅನಿಲದ ಕೆಲಸ ಗೊತ್ತೇ ಇದೆ.

ಮಾತು ತಿರುವುಮುರುವಾಗಲು ಜನಪ್ರಿಯ ಸಂಗೀತವೂ ಕೈಜೋಡಿಸಿತು. ಆಸ್ಮಂಡ್ ಸಹೋದರರ 'ಒನ್ ಬ್ಯಾಡ್ ಆ್ಯಪಲ್' 1971ರಲ್ಲಿ ಐದು ವಾರ ಅಮೆರಿಕದ ಹಾಡುಗಳ ಪಟ್ಟಿಯ ತುದಿಯಲ್ಲಿತ್ತು. ಒಬ್ಬ ಕೈಕೊಟ್ಟನೆಂದು ಪ್ರೀತಿಯನ್ನೇ ಶಂಕಿಸಬೇಡ ಎಂದು ಹುಡುಗಿಯನ್ನು ಒಲಿಸುವ ಹಾಡದು. ಪ್ರೇಮದಲ್ಲಿ ಅದು ಸಲ್ಲುತ್ತದೆ. ಲಾಠಿ, ಬಂದೂಕು ಹಿಡಿದ ಇಲಾಖೆಯಲ್ಲಿ ಸಲ್ಲದು.

ಮಿನಿಯಾಪೊಲಿಸ್‌ನಲ್ಲಿ ನಡೆದದ್ದನ್ನೇ ನೋಡಿ. ಶಾವಿನ್ ಮೇಲೆ ಅದಕ್ಕೂ ಮೊದಲು ಕನಿಷ್ಠ 17 ದೂರುಗಳು ದಾಖಲಾಗಿದ್ದವು. ಹೆಚ್ಚಿನವು ಶಿಕ್ಷೆಯಿಲ್ಲದೆ ಮುಚ್ಚಿಹೋದವು. ಅದಕ್ಕಿಂತ ಭಯಂಕರವಾದದ್ದು ಇನ್ನೊಂದಿದೆ: ಹೊಸಬರಿಗೆ ಕೆಲಸ ಕಲಿಸುವ ತರಬೇತುದಾರನಾಗಿ ಇಲಾಖೆ ನೇಮಿಸಿದ್ದು ಇದೇ ಶಾವಿನ್‌ನನ್ನು. ಅವನ ಕೈಕೆಳಗೆ ತರಬೇತಾದ ಅಲೆಕ್ಸಾಂಡರ್ ಕೆಂಗ್ ಅಂದು ಫ್ಲಾಯ್ಡ್‌ನ ಬೆನ್ನನ್ನು ಒತ್ತಿ ಹಿಡಿದಿದ್ದ. ಕೆಲಸಕ್ಕೆ ಸೇರಿ ಕೆಲವೇ ದಿನವಾಗಿದ್ದ ಥಾಮಸ್ ಲೇನ್, ಇವನನ್ನು ಮಗ್ಗುಲಿಗೆ ಹೊರಳಿಸೋಣವೇ ಎಂದು ಕೇಳಿದ. ಹಿರಿಯ ಬೇಡವೆಂದ, ಕಿರಿಯ ಸುಮ್ಮನಾದ. ಶಾವಿನ್, ಕೆಂಗ್, ಲೇನ್ ಮೂವರೂ ಜೈಲಿಗೆ ಹೋದರು. 2023ರ ಜೂನ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆಯ ತನಿಖಾ ವರದಿ ಹೊರಬಂತು: ಅತಿಯಾದ ಬಲಪ್ರಯೋಗ, ಕಪ್ಪು ಜನರ ಬಗೆಗಿನ ತಾರತಮ್ಯ ಆ ಇಲಾಖೆಯ ರೂಢಿಯೇ ಆಗಿತ್ತು.

ಲಂಡನ್ ಪೊಲೀಸರ ಕಥೆಯೂ ಹೀಗೆಯೇ. 2021ರಲ್ಲಿ ಸಾರಾ ಎವೆರಾರ್ಡ್ ಎಂಬ ಯುವತಿಯನ್ನು ಕೊಂದ ವೇಯ್ನ್ ಕಸಿನ್ಸ್ ಆ ಪಡೆಯ ಅಧಿಕಾರಿ. ಆಗಲೂ ಮುಖ್ಯಸ್ಥೆ ಕ್ರೆಸಿಡಾ ಡಿಕ್, ಎಲ್ಲೋ ಅಪರೂಪಕ್ಕೊಬ್ಬ ಕೆಟ್ಟವನು ಇರುತ್ತಾನೆ ಎಂದೇ ಹೇಳಿದ್ದರು. ಆದರೆ 2015ರಲ್ಲೇ ಕಸಿನ್ಸ್ ಮೇಲೆ ಅಶ್ಲೀಲ ವರ್ತನೆಯ ದೂರು ಬಂದಿತ್ತು. ಅವನು ಪೊಲೀಸ್ ಕೆಲಸಕ್ಕೆ ಸೇರಲೇಬಾರದಿತ್ತು ಎಂದು 2024ರಲ್ಲಿ ಎಲಿಶ್ ಆಂಜಿಯೊಲಿನಿ ವಿಚಾರಣೆ ಹೇಳಿತು. ಪಡೆಯೊಳಗೇ ಸ್ತ್ರೀದ್ವೇಷ ಬೇರೂರಿದೆ ಎಂದು ಲೂಯಿಸ್ ಕೇಸಿ ವರದಿ ಅದಕ್ಕೂ ಒಂದು ವರ್ಷ ಮೊದಲೇ ಹೇಳಿತ್ತು.