ಇಂದಿನ ಧಮ್ಮ ಚಿಂತನೆ: "ನನ್ನ ಕೈಗೆ ಬರಲ್ಲ" ಅನ್ನುವ ಮಾತು ಯಾರದು?





ಹೋದ ವರ್ಷ ಬುದ್ಧ ಪೂರ್ಣಿಮೆಗೆ ಒಂದೂವರೆ ತಿಂಗಳು ಇರುವಾಗ ನಮ್ಮ ಅಧ್ಯಯನ ಬಳಗದಲ್ಲಿ ಒಂದು ಮಾತು ಬಂತು. ಪ್ರತಿ ವರ್ಷ ಬುದ್ಧರ ಚಿತ್ರವನ್ನು ಫ್ಲೆಕ್ಸ್ ಹಾಕಿಸಿ ತರುತ್ತೇವೆ, ಈ ಸಲ ನಮ್ಮವರೇ ಯಾರಾದರೂ ಕೈಯಲ್ಲಿ ಬರೆದರೆ ಹೇಗೆ ಎಂದು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ಶಾಲೆಯಲ್ಲಿ ಚಾರ್ಟ್ ಬರೆಯುವ ಟೀಚರ್ ಅಲ್ಲವೇ! ನಾನೂ ಹೂಂ ಅಂದುಬಿಟ್ಟೆ.

ಚಾರ್ಟಿನ ಮೇಲೆ ಮಾವಿನ ಹಣ್ಣು, ಬಾವುಟ ಬರೆಯುವುದು ಬೇರೆ, ಬುದ್ಧರ ಮುಖ ಬೇರೆ. ಮೊದಲ ದಿನವೇ ಗೊತ್ತಾಯಿತು. ಒಂದು ಕಣ್ಣು ಮೇಲೆ, ಇನ್ನೊಂದು ಕೆಳಗೆ. ತುಟಿಯಲ್ಲಿ ಮಂದಹಾಸ ತರಲು ಹೋದರೆ ವ್ಯಂಗ್ಯ ಬರುತ್ತಿತ್ತು. ಎರಡನೇ ಹಾಳೆ, ಮೂರನೇ ಹಾಳೆ. ನಾಲ್ಕನೆಯದನ್ನು ಹರಿದು ಮುದ್ದೆ ಮಾಡಿ ಮೂಲೆಗೆ ಎಸೆದೆ. ಆಮೇಲೆ ಹತ್ತು ದಿನ ಪೆನ್ಸಿಲ್ ಮುಟ್ಟಲಿಲ್ಲ. ಮುಟ್ಟಬೇಕು ಅಂದುಕೊಂಡರೆ ಸಾಕು, ಪಾತ್ರೆ ತೊಳೆಯುವ ಕೆಲಸ ನೆನಪಾಗುತ್ತಿತ್ತು.

ಇವತ್ತಿನ ಚಿಂತನೆ ಆ ಹತ್ತು ದಿನಗಳ ಬಗ್ಗೆ.

ಮೊದಲ ಪ್ರಶ್ನೆ: ನಾನು ಯಾರ ಮೇಲೆ ಸಿಟ್ಟಾಗಿದ್ದೆ? ಹಾಳೆ ಏನೂ ಮಾಡಿರಲಿಲ್ಲ. ಪೆನ್ಸಿಲ್ ಹೇಳಿದಂತೆ ಕೇಳಿತ್ತು. ನಿಧಾನವಾಗಿ ಯೋಚಿಸಿದಾಗ ಗೊತ್ತಾಯಿತು, ಕೂರುವ ಮೊದಲೇ ಮನಸ್ಸಿನಲ್ಲಿ ಎರಡು ಚಿತ್ರ ಬರೆದು ಮುಗಿಸಿದ್ದೆ. ಒಂದು ಬುದ್ಧರದ್ದು. ಇನ್ನೊಂದು, ಆ ಚಿತ್ರದ ಪಕ್ಕದಲ್ಲಿ ಎಲ್ಲರಿಂದ ಭೇಷ್ ಅನ್ನಿಸಿಕೊಂಡು ನಿಂತಿರುವ ನನ್ನದು. ಹಾಳೆ ಮೇಲೆ ಬಂದದ್ದು ಮೊದಲನೆಯದಕ್ಕೂ ಹೋಲಲಿಲ್ಲ, ಎರಡನೆಯದನ್ನೂ ಕೆಡಿಸಿತು. ನಿಜವಾಗಿ ನೋವಾದದ್ದು ಎರಡನೆಯದು ಕೆಟ್ಟದ್ದಕ್ಕೆ. ಬುದ್ಧರು ಉಪಾದಾನ ಅಂದದ್ದು, ಅಂಟಿಕೊಳ್ಳುವುದು ಅಂದದ್ದು, ಮನೆ ಒಡವೆಗೆ ಮಾತ್ರ ಅಲ್ಲ. ಇನ್ನೂ ಹುಟ್ಟದ ನಮ್ಮದೇ ಒಂದು ಹೆಸರಿಗೂ ನಾವು ಅಂಟಿಕೊಳ್ಳುತ್ತೇವೆ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಮೊದಲ ಹಾಳೆ ಬರೆದಾಗ ಕಣ್ಣು ಸೊಟ್ಟ ಇರುವುದು ನನಗೆ ಕಾಣಿಸಿರಲೇ ಇಲ್ಲ, ಮರುದಿನ ಕಾಣಿಸಿತು. ಮೂರನೆಯದರಲ್ಲಿ ಬರೆಯುತ್ತಿರುವಾಗಲೇ ಕಾಣಿಸಿತು. ಅಂದರೆ ನನ್ನ ಕಣ್ಣು ಕಲಿಯುತ್ತಿತ್ತು. ಚಿತ್ರ ಕಲಿಯುವಾಗ ಕಣ್ಣು ಮುಂದೆ ಹೋಗುತ್ತದೆ, ಕೈ ಹಿಂದಿನಿಂದ ಬರುತ್ತದೆ. ಈ ನಡುವಿನ ಅಂತರವನ್ನೇ ನಾವು ಹತಾಶೆ ಅನ್ನುತ್ತೇವೆ. ತಪ್ಪು ಕಾಣದವರಿಗೆ ಹತಾಶೆ ಇಲ್ಲ, ಕಲಿಕೆಯೂ ಇಲ್ಲ. ನಾನು ಸೋಲು ಅಂದುಕೊಂಡದ್ದು ನನ್ನ ಕಣ್ಣು ಬೆಳೆದದ್ದರ ಗುರುತು.

ಇಷ್ಟು ಗೊತ್ತಾದರೂ ಪೆನ್ಸಿಲ್ ಹಿಡಿಯಲು ಆಗಲಿಲ್ಲ. ಕಾರಣ ಇನ್ನೂ ಆಳದಲ್ಲಿತ್ತು.

ಹಾಳೆ ಹರಿಯುವಾಗ ಬಾಯಲ್ಲಿ ಒಂದು ಮಾತು ಬಂದಿತ್ತು: "ಇದೆಲ್ಲ ನಮ್ಮ ಕೈಗೆ ಬರಲ್ಲ." ನನ್ನ ಕೈಗೆ ಅಲ್ಲ, ನಮ್ಮ ಕೈಗೆ. ಈ "ನಮ್ಮ" ಎಲ್ಲಿಂದ ಬಂತು? ಎರಡು ದಿನ ಆದ ಮೇಲೆ ನೆನಪಾಯಿತು. ನಾನು ಆರನೇ ತರಗತಿಯಲ್ಲಿದ್ದಾಗ ಡ್ರಾಯಿಂಗ್ ಮೇಷ್ಟ್ರು ನನ್ನ ಪುಸ್ತಕ ನೋಡಿ ಹೇಳಿದ್ದರು, "ಇದೆಲ್ಲ ನಿಮ್ಮವರ ಕೈಗೆ ಬರಲ್ಲ ಬಿಡಮ್ಮ, ಕಾಪಿರೈಟಿಂಗ್ ಬರಿ ಸಾಕು." ಗದರಿಸಿ ಹೇಳಿದ್ದಲ್ಲ, ನನಗೆ ಒಳ್ಳೆಯದು ಮಾಡುವವರ ಹಾಗೆ ಹೇಳಿದ್ದು. ಅದಕ್ಕೇ ಇರಬೇಕು, ಆ ಮಾತು ಅಷ್ಟು ಒಳಗೆ ಹೋಗಿ ಕೂತಿತ್ತು. ಮೇಷ್ಟ್ರ ಮಾತನ್ನು ಇಷ್ಟು ವರ್ಷ ನಾನೇ ಕಾಪಾಡಿಕೊಂಡು ಬಂದಿದ್ದೆ. "ನಿಮ್ಮವರ" ಅನ್ನುವುದನ್ನು "ನಮ್ಮ" ಎಂದು ತಿದ್ದಿಕೊಂಡಿದ್ದೆ, ಅಷ್ಟೇ.

ಬಂಧುಗಳೇ, ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. ಕಲೆ ಕೆಲವರಿಗೆ ಹುಟ್ಟಿನಿಂದ ಬರುತ್ತದೆ, ಉಳಿದವರಿಗೆ ಎಷ್ಟು ಮಾಡಿದರೂ ಬರುವುದಿಲ್ಲ ಅನ್ನುವುದು ಯಾವ ಸಿದ್ಧಾಂತ? ನಮಗೆ ಗೊತ್ತಿರುವ ಆ ಹಳೆಯ ಸಿದ್ಧಾಂತವೇ. ವಸಲ ಸುತ್ತದಲ್ಲಿ ಬುದ್ಧರು ಅದನ್ನು ಬುಡಸಮೇತ ಕಿತ್ತರು, ಮನುಷ್ಯ ಏನಾಗುತ್ತಾನೆ ಎಂಬುದು ಅವನು ಮಾಡುವುದರಿಂದಲೇ ಹೊರತು ಹುಟ್ಟಿನಿಂದ ಅಲ್ಲ ಎಂದರು. ಕ್ಷೌರ ಮಾಡುತ್ತಿದ್ದ ಉಪಾಲಿ ಸಂಘದಲ್ಲಿ ವಿನಯಕ್ಕೆ ಪ್ರಮಾಣವಾದರು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಆ ಸಿದ್ಧಾಂತದಿಂದ ಹೊರಗೆ ಬಂದರು. ನಾವೂ ಬಂದಿದ್ದೇವೆ. ಆದರೆ ಒಂದು ಪೆನ್ಸಿಲ್ ಹಿಡಿದು ಕೂತ ಕೂಡಲೇ ಅದು ಹಿತ್ತಿಲ ಬಾಗಿಲಿಂದ ಮತ್ತೆ ಒಳಗೆ ಬಂದಿತ್ತು. ಏಕಲವ್ಯನ ಹೆಬ್ಬೆರಳನ್ನು ಬೇರೆಯವರು ಕೇಳಿ ಪಡೆದರು. ನಾನು ಯಾರೂ ಕೇಳದೆಯೇ ಕೊಟ್ಟುಬಿಡುತ್ತಿದ್ದೆ.

ಹಾಗಾದರೆ ಎಲ್ಲರಿಗೂ ಕಲೆ ಒಂದೇ ಸಮನೆ ಬರುತ್ತದೆಯೇ ಎಂದು ಕೇಳಬಹುದು. ಬರುವುದಿಲ್ಲ. ನನ್ನ ತರಗತಿಯಲ್ಲೇ ಬೇಗ ಕಲಿಯುವ ಮಕ್ಕಳಿದ್ದಾರೆ, ನಿಧಾನಕ್ಕೆ ಕಲಿಯುವವರಿದ್ದಾರೆ. ಯಾವ ಮನೆಯಲ್ಲಿ ಕಾಗದ, ಬಣ್ಣ, ಬಿಡುವು ಇತ್ತೋ ಆ ಮನೆಯ ಮಗು ಮುಂದೆ ಇರುತ್ತದೆ. ಈ ವ್ಯತ್ಯಾಸ ನಿಜ. ಆದರೆ "ನಿಧಾನ" ಅನ್ನುವುದಕ್ಕೂ "ಆಗುವುದೇ ಇಲ್ಲ" ಅನ್ನುವುದಕ್ಕೂ ನಡುವೆ ಒಂದು ಮನುಷ್ಯ ಜೀವನದಷ್ಟು ದೂರವಿದೆ. ಮೊದಲನೆಯದು ಕಣ್ಣಾರೆ ಕಂಡದ್ದು, ಎರಡನೆಯದು ತೀರ್ಪು.

ನನ್ನ ಅಪ್ಪ ಬಸ್ ಸ್ಟ್ಯಾಂಡ್ ಪಕ್ಕದ ಮರದ ಕೆಳಗೆ ಚಪ್ಪಲಿ ಹೊಲಿಯುತ್ತಿದ್ದರು. ಹೊಸ ಚಪ್ಪಲಿ ಬೇಕು ಅಂದವರ ಪಾದವನ್ನು ಹಳೆ ನ್ಯೂಸ್‌ಪೇಪರ್ ಮೇಲೆ ಇಡಿಸಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಆ ಗೆರೆ ನೋಡಿ ರಂಪಿಗೆಯಿಂದ ಅಟ್ಟೆ ಕತ್ತರಿಸುತ್ತಿದ್ದರು. ಕೆಲವು ಸಲ ಪಾದದ ಮೇಲೆ ಕಣ್ಣಾಡಿಸಿ, ಕಾಗದವೇ ಇಲ್ಲದೆ, ಅಟ್ಟೆಯ ಮೇಲೆ ನೇರವಾಗಿ ಗೆರೆ ಹಾಕುತ್ತಿದ್ದರು. ಬಿರುಕು ಬಿಟ್ಟ ಹಿಮ್ಮಡಿ, ಹೊರಗೆ ಚಾಚಿದ ಕಿರುಬೆರಳು, ಎಲ್ಲವೂ ಆ ಗೆರೆಯಲ್ಲಿ ಬರುತ್ತಿತ್ತು. ಅದನ್ನು ಯಾರೂ ಚಿತ್ರ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಇಲ್ಲಿ ಒಂದು ಗುಂಡಿ ಇದೆ, ಬೀಳಬಾರದು. "ಹಾಗಾದರೆ ಕಲೆ ನನ್ನ ರಕ್ತದಲ್ಲೇ ಇದೆ" ಎಂದು ನಾನು ಹೆಮ್ಮೆಪಟ್ಟರೆ ಮತ್ತೆ ಅದೇ ಹುಟ್ಟಿನ ಮಾತಿಗೆ ಬಿದ್ದ ಹಾಗೆ. ಅಪ್ಪನಿಗೆ ಆ ಗೆರೆ ರಕ್ತದಿಂದ ಬರಲಿಲ್ಲ. ಹತ್ತು ವರ್ಷದ ಹುಡುಗನಾಗಿದ್ದಾಗ ಕೂತು, ಅಟ್ಟೆ ಹಾಳು ಮಾಡಿ, ಬೈಸಿಕೊಂಡು, ಸಾವಿರಾರು ಪಾದ ನೋಡಿ ಬಂತು. ಅಪ್ಪನಿಂದ ನನಗೆ ಸಿಗಬೇಕಾದದ್ದು ರಕ್ತವಲ್ಲ, ಆ ದಾರಿ. ಗೆರೆ ತಪ್ಪಿದಾಗ ಅವರು ಸಿಟ್ಟಾದದ್ದನ್ನು ನಾನು ನೋಡಿಲ್ಲ. ಪಾದವನ್ನು ಮತ್ತೊಮ್ಮೆ ನೋಡುತ್ತಿದ್ದರು, ಅಷ್ಟೇ.

ಬಾಬಾಸಾಹೇಬರ ಜೀವನದ ಒಂದು ಸಂಗತಿ ನಮ್ಮಲ್ಲಿ ಹೆಚ್ಚು ಮಾತಿಗೆ ಬರುವುದಿಲ್ಲ. ಕೊನೆಯ ವರ್ಷಗಳಲ್ಲಿ, ಅರವತ್ತರ ಆಸುಪಾಸಿನಲ್ಲಿ, ಅವರು ಪಿಟೀಲು ಮತ್ತು ಚಿತ್ರಕಲೆ ಕಲಿಯಲು ಕೂತರು. ಕೊಲಂಬಿಯಾ ಮತ್ತು ಲಂಡನ್ ವಿಶ್ವವಿದ್ಯಾಲಯಗಳ ಡಾಕ್ಟರೇಟ್ ಪಡೆದವರು, ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದವರು. ಸಕ್ಕರೆ ಕಾಯಿಲೆ, ಕಾಲುನೋವು, ಮಂಜಾಗುತ್ತಿದ್ದ ಕಣ್ಣು. "ಬುದ್ಧ ಮತ್ತು ಆತನ ಧಮ್ಮ" ಬರೆಯುವ ದೊಡ್ಡ ಕೆಲಸ ಬೇರೆ. ಇಷ್ಟರ ನಡುವೆ, ಜಗತ್ತೇ ಗೌರವಿಸುವ ಒಬ್ಬ ವಿದ್ವಾಂಸ, ಗೆರೆ ನೆಟ್ಟಗೆ ಬಾರದ ವಿದ್ಯಾರ್ಥಿಯಾಗಿ ಇನ್ನೊಬ್ಬರ ಮುಂದೆ ಕೂರುವುದು ಸಣ್ಣ ಮಾತಲ್ಲ. ದೊಡ್ಡ ಚಿತ್ರಕಾರ ಅನ್ನಿಸಿಕೊಳ್ಳುವ ಅಗತ್ಯ ಅವರಿಗಿರಲಿಲ್ಲ. ಕಲಿಯುವುದು ಮೇಲೇರುವ ಏಣಿ ಮಾತ್ರ ಆಗಿದ್ದರೆ ಅವರು ಎಂದೋ ನಿಲ್ಲಿಸಬಹುದಿತ್ತು. ನಮಗೆ ಶಿಕ್ಷಣ ಅಂದ ಕೂಡಲೇ ನೌಕರಿ ನೆನಪಾಗುತ್ತದೆ. ಅದು ತಪ್ಪಲ್ಲ, ಹೊಟ್ಟೆಯ ಪ್ರಶ್ನೆ. ಆದರೆ ಚೆನ್ನಾಗಿ ಬರದ ಒಂದು ಕೆಲಸವನ್ನು ಸಂತೋಷಕ್ಕಾಗಿ ಕಲಿಯುವ ಹಕ್ಕೂ ನಮಗಿದೆ. ನಮ್ಮ ಹಿರಿಯರಿಗೆ ಸಿಗದೆ ಹೋದದ್ದು ಅದೂ ಹೌದು.

ಹನ್ನೊಂದನೇ ದಿನ ಮತ್ತೆ ಕೂತೆ. ಸೋಣನ ಕಥೆ ನಿಮಗೆಲ್ಲ ಗೊತ್ತು. ಪಾದದಲ್ಲಿ ರಕ್ತ ಬರುವವರೆಗೆ ನಡೆದು ಸಾಧನೆ ಮಾಡಿ, ಫಲ ಕಾಣದೆ, ಮನೆಗೆ ಹೋಗಿಬಿಡೋಣ ಅಂದುಕೊಂಡ ಭಿಕ್ಷು. ಬುದ್ಧರು ಅವನನ್ನು ಹುರಿದುಂಬಿಸಲಿಲ್ಲ, ಬೈಯಲೂ ಇಲ್ಲ. ಅವನಿಗೆ ಚೆನ್ನಾಗಿ ಗೊತ್ತಿದ್ದ ವೀಣೆಯ ಬಗ್ಗೆ ಕೇಳಿದರು. ತಂತಿ ತೀರಾ ಬಿಗಿಯಾದರೂ ನಾದವಿಲ್ಲ, ಸಡಿಲವಾದರೂ ಇಲ್ಲ. ಪೂರ್ಣಿಮೆಯೊಳಗೆ ಇಡೀ ಬುದ್ಧರು ಬರಬೇಕು ಅಂದದ್ದು ನನ್ನ ಬಿಗಿ ತಂತಿ. ಮನಸ್ಸು ಬಂದಾಗ ಬರೆಯೋಣ ಎಂದು ಹತ್ತು ದಿನ ಕಳೆದದ್ದು ಸಡಿಲ ತಂತಿ.

ಆದ್ದರಿಂದ ಲೆಕ್ಕ ಬದಲಿಸಿದೆ. ದಿನಕ್ಕೆ 20 ನಿಮಿಷ ಮಾತ್ರ. ಒಂದು ದಿನ ಕಿವಿ, ಒಂದು ದಿನ ಮೂಗು. ಮಾದರಿ ಚಿತ್ರದ ಮೇಲೆ ಚೌಕ ಹಾಕಿ, ಹಾಳೆಯ ಮೇಲೂ ಅಷ್ಟೇ ಚೌಕ ಹಾಕಿ, ಗೋಡೆ ಬರಹದವರು ಮಾಡುವ ಹಾಗೆ ಒಂದೊಂದೇ ಚೌಕ ತುಂಬಿದೆ. ಅಳೆದು ನೋಡಿದಾಗ, ನೆತ್ತಿಯಿಂದ ಗಲ್ಲದವರೆಗೆ ಕಣ್ಣು ಹೆಚ್ಚುಕಡಿಮೆ ನಡುಮಧ್ಯದಲ್ಲಿ ಬರುತ್ತದೆ ಎಂದು ಗೊತ್ತಾಯಿತು. ಹೊಸಬರು ಕಣ್ಣನ್ನು ಮೇಲಕ್ಕೆ ಇಡುತ್ತೇವೆ, ಹಣೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೆಲವು ದಿನ ಮಾದರಿಯನ್ನು ತಲೆಕೆಳಗಾಗಿಟ್ಟು ಬರೆದೆ. ಹಾಗಿಟ್ಟಾಗ "ಇದು ಕಣ್ಣು, ಕಣ್ಣು ಹೀಗಿರುತ್ತದೆ" ಅನ್ನುವ ಮನಸ್ಸಿನ ಮಾತು ನಿಲ್ಲುತ್ತದೆ, ಎದುರಿಗಿರುವ ಬಾಗು ಮಾತ್ರ ಕಾಣುತ್ತದೆ. ನೋಡಿದ್ದಕ್ಕೆ ನಮ್ಮದೇನನ್ನೂ ಸೇರಿಸದೆ ನೋಡಬೇಕು ಎಂದು ಬುದ್ಧರು ಬಾಹಿಯನಿಗೆ ಹೇಳಿದ್ದರ ಅರ್ಥ, ಪುಸ್ತಕ ಓದಿದಾಗಿಗಿಂತ ಅಂದು ನನಗೆ ಹೆಚ್ಚು ತಿಳಿಯಿತು. ಕೆಟ್ಟ ಹಾಳೆಗಳನ್ನು ಹರಿಯುವುದು ಬಿಟ್ಟು, ತಾರೀಖು ಹಾಕಿ ಇಟ್ಟುಕೊಂಡೆ.

ಇನ್ನೊಂದು ವಿಷಯ ಹೇಳದಿದ್ದರೆ ಈ ಚಿಂತನೆ ಪ್ರಾಮಾಣಿಕವಲ್ಲ. ಅದೇ ದಿನಗಳಲ್ಲಿ ನನ್ನ ತರಗತಿಯ ಒಬ್ಬ ಹುಡುಗ ನವಿಲು ಬರೆಯಲು ಹೋಗಿ ಅಳಿಸಿ ಅಳಿಸಿ ಹಾಳೆಗೆ ತೂತು ಮಾಡಿದ್ದ. ನಾನು ಅವನಿಗೆ, "ಬಿಡು ಮರಿ, ನಿನಗೆ ಬರಲ್ಲ, ನಾನು ಬರೆದುಕೊಡ್ತೀನಿ, ನೀನು ಬಣ್ಣ ತುಂಬು" ಅಂದಿದ್ದೆ. ಪ್ರೀತಿಯಿಂದಲೇ ಅಂದದ್ದು. ನಮ್ಮ ಮೇಷ್ಟ್ರ ಹಾಗೆಯೇ. ಬಗೆಹರಿಯದ ಹತಾಶೆ ನಮ್ಮಲ್ಲೇ ನಿಲ್ಲುವುದಿಲ್ಲ, ನಮಗಿಂತ ಚಿಕ್ಕವರ ಕಡೆಗೆ ಹರಿಯುತ್ತದೆ. ಅದಕ್ಕೇ ಇದು ಬರೀ ಚಿತ್ರಕಲೆಯ ಪ್ರಶ್ನೆಯಲ್ಲ, ಶೀಲದ ಪ್ರಶ್ನೆ. ಆ ಹುಡುಗನ ಹತ್ತಿರ ಹೋಗಿ, ನಾನು ಹೇಳಿದ್ದು ತಪ್ಪು ಅಂದೆ. ನನ್ನ ತಾರೀಖು ಹಾಕಿದ ಹಾಳೆಗಳನ್ನು ತೋರಿಸಿದೆ. ಅವನು ಮೊದಲನೆಯದನ್ನು ನೋಡಿ ಜೋರಾಗಿ ನಕ್ಕ. ಆಮೇಲೆ ಕೊನೆಯದನ್ನು ತುಂಬಾ ಹೊತ್ತು ನೋಡಿದ.

ಪೂರ್ಣಿಮೆ ಬಂತು. ಚಿತ್ರ ಮುಗಿದಿರಲಿಲ್ಲ. ಆ ವರ್ಷವೂ ಫ್ಲೆಕ್ಸನ್ನೇ ಕಟ್ಟಿದೆವು. ಯಾರೂ ಏನೂ ಅನ್ನಲಿಲ್ಲ, ನನಗೂ ನಾಚಿಕೆಯಾಗಲಿಲ್ಲ. ಈಗಲೂ ದಿನಕ್ಕೆ 20 ನಿಮಿಷ ಕೂರುತ್ತೇನೆ. ಎಡಗಿವಿ ಇನ್ನೂ ಉದ್ದವಾಗುತ್ತದೆ.

*ಇಂದಿನ ಅಭ್ಯಾಸ:* ನಿಮ್ಮ ಬಾಯಲ್ಲಿ "ನನಗೆ ಬರಲ್ಲ" ಅನ್ನುವ ಮಾತು ಬಂದಾಗ ಒಂದು ಕ್ಷಣ ನಿಲ್ಲಿ. ಇದನ್ನು ನನಗೆ ಮೊದಲು ಹೇಳಿದವರು ಯಾರು ಎಂದು ಕೇಳಿಕೊಳ್ಳಿ. ಆಮೇಲೆ ಆ ವಾಕ್ಯಕ್ಕೆ "ಇನ್ನೂ" ಎಂಬ ಒಂದು ಪದ ಸೇರಿಸಿ: ನನಗೆ ಇನ್ನೂ ಬರಲ್ಲ. ಇಂದು ಸಂಜೆ ಮನೆಯ ಮಗುವಿನ ಜೊತೆ ಕೂತು, ನಿಮ್ಮ ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಒಂದು ಗೆರೆ ಎಳೆಯಿರಿ. ಅಲ್ಲಿಂದ ಶುರು ಮಾಡಬಹುದು.

ಎಲ್ಲರಿಗೂ ಮಂಗಳವಾಗಲಿ.
ಜೈ ಭೀಮ್, ನಮೋ ಬುದ್ಧಾಯ. 🙏